ಬಿಡುವಿಲ್ಲದೆ ಆಡಿದ ರಿಪ್ಕೆನ್

ಪ್ರಶ್ನೆ: ನಮ್ಮೂರಿನ ಜಿ. ಆರ್. ವಿಶ್ವನಾಥ್ ಸತತ 87 ಟೆಸ್ಟ್ ಆಡಿದವರು. ಬೇಸ್‌ಬಾಲ್‌ನಲ್ಲಿ ಅಂಥವರಿದ್ದಾರೆಯೇ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕಾಲ್ ರಿಪ್ಕೆನ್ 1982ರಿಂದ 1998ರವರೆಗೆ ಸತತ 2,632 ಪಂದ್ಯಗಳನ್ನಾಡಿದರು. (ಅಲ್ಲಿ ಒಂದು ಋತುವಿಗೇ 162 ಪಂದ್ಯಗಳಿರುವುದರಿಂದ ಟೆಸ್ಟ್‌ಗಳೊಡನೆ ನೇರ ಹೋಲಿಕೆ ಸಲ್ಲದು.) ಲೂ ಗೆಹ್ರಿಗ್ ಅವರ 2,130ರ ದಾಖಲೆಯನ್ನು ಮುರಿದ 1995ರ ಸೆಪ್ಟೆಂಬರ್ 6ರ ರಾತ್ರಿ, ಆಟ 22 ನಿಮಿಷ ನಿಂತಾಗ, ಅವರು ಮೈದಾನವನ್ನು ಸುತ್ತುತ್ತ ಪ್ರೇಕ್ಷಕರ ಕೈ ಕುಲುಕಿದರು, ದಾಖಲೆಗಿಂತ ಆ ಒಂದು ಸುತ್ತೇ ದೊಡ್ಡದೆಂಬುದು ನಮ್ಮ ಅಭಿಪ್ರಾಯ. 2001ರಲ್ಲಿ ನಿವೃತ್ತರಾದ ಅವರು 2007ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಅದೇ ವರ್ಷ ಅಮೆರಿಕ ಸರ್ಕಾರದ ಕ್ರೀಡಾ ರಾಯಭಾರಿಯಾಗಿ ಚೀನಾಕ್ಕೆ ಹೋಗಿ ಮಕ್ಕಳಿಗೆ ಆಟ ಕಲಿಸಿದರು. 2024ರಿಂದ ತಮ್ಮ ಹಳೆಯ ತಂಡದ ಸಹಮಾಲೀಕರಲ್ಲಿ ಅವರೂ ಒಬ್ಬರು.