ಸಾಗರದ ಮೂರು ‘ಎ’ಗಳು

ಪ್ರಶ್ನೆ: ಸಿಇಟಿಗೆ ಓದುತ್ತಿದ್ದೇನೆ. ಪರ್ಮುಟೇಶನ್ (ಎಷ್ಟು ರೀತಿ ಜೋಡಿಸಬಹುದು ಅನ್ನುವ ಲೆಕ್ಕ) ಸೂತ್ರಗಳೆಲ್ಲ ಬಾಯಿಪಾಠ ಆಗಿವೆ. ಆದರೂ ಒಂದೊಂದು ಲೆಕ್ಕಕ್ಕೆ ಐದು ನಿಮಿಷ ಹಿಡಿಯುತ್ತದೆ, ಉತ್ತರವೂ ತಪ್ಪುತ್ತದೆ. ಬೇಗ ಮಾಡಲು ದಾರಿ ಇದೆಯೇ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಸಾಗರ

ಉತ್ತರ: ಇದೆ. 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಒಂದಕ್ಕೆ 80 ಸೆಕೆಂಡ್. ಅದರಲ್ಲಿ ಮೊದಲ 20 ಸೆಕೆಂಡ್ ಪೆನ್ನು ಕೆಳಗಿಟ್ಟು ಪ್ರಶ್ನೆಯನ್ನಷ್ಟೇ ಓದಿ.

ಓದುವಾಗ ಒಂದು ಕೇಳಿಕೊಳ್ಳಿ: ಇಬ್ಬರನ್ನು ಅದಲು ಬದಲು ಮಾಡಿದರೆ ಬೇರೆ ಲೆಕ್ಕ ಆಗುತ್ತದಾ? ನಮ್ಮ ಜಿಲ್ಲೆಯ 7 ತಾಲ್ಲೂಕುಗಳಿಂದ ಒಬ್ಬೊಬ್ಬರು ಬಂದಿದ್ದಾರೆ ಅಂದುಕೊಳ್ಳಿ. ಅಧ್ಯಕ್ಷ, ಕಾರ್ಯದರ್ಶಿ ಆರಿಸಬೇಕಾದರೆ 7 × 6 = 42. ಸುಮ್ನೆ ಇಬ್ಬರನ್ನು ಎಲ್ಲಿಗೋ ಕಳಿಸಬೇಕಾದರೆ ಅದರ ಅರ್ಧ, 21. ಸೊರಬದವರು, ಹೊಸನಗರದವರು ಅಂತ ಹೇಗೆ ತಿರುಗಿಸಿ ಹೇಳಿದರೂ ಅದೇ ಜೋಡಿ, ಅಲ್ವಾ?

ಈಗ ನಿಮ್ಮೂರಿಗೇ ಬರೋಣ. ಸಾಗರ ಅಂತ ಇಂಗ್ಲಿಷಿನಲ್ಲಿ ಬರೆದರೆ 6 ಅಕ್ಷರ: ಎಸ್, ಎ, ಜಿ, ಎ, ಆರ್, ಎ. ಆರೂ ಬೇರೆ ಬೇರೆ ಆಗಿದ್ದರೆ 6 × 5 × 4 × 3 × 2 × 1 = 720. ಮೂರು ‘ಎ’ಗಳನ್ನು ತಮ್ಮೊಳಗೆ 3 × 2 × 1 = 6 ರೀತಿ ಅದಲು ಬದಲು ಮಾಡಿದರೂ ಒಂದೇ ಆಗಿ ಕಾಣುವುದರಿಂದ 720 ÷ 6 = 120 ಜೋಡಣೆ. ಇಲ್ಲಿವರೆಗೆ ಎಲ್ಲರೂ ಸರಿಯಾಗಿ ಬರುತ್ತಾರೆ. ‘ಯಾವ ಎರಡು ಎ ಕೂಡ ಪಕ್ಕಪಕ್ಕ ಬರಬಾರದು’ ಅಂದ ಕೂಡಲೇ ಜಾರುತ್ತಾರೆ. ಮೂರೂ ‘ಎ’ಗಳನ್ನು ಒಂದು ಗಂಟು ಕಟ್ಟಿ, 4 ವಸ್ತು ಅಂತ 24 ತೆಗೆದು, ಅದನ್ನು 120ರಲ್ಲಿ ಕಳೆದು 96ಕ್ಕೆ ಗುರುತು ಹಾಕಿ ಬರುತ್ತಾರೆ. ಆದರೆ 96 ಅಂದರೆ ಮೂರೂ ಒಟ್ಟಿಗೆ ಇಲ್ಲದವು ಅಷ್ಟೇ. ಎರಡು ‘ಎ’ ಅಂಟಿಕೊಂಡಿರುವವು ಅದರೊಳಗೆ ಹಾಗೇ ಕೂತಿವೆ!

ಆದ್ದರಿಂದ ತಕರಾರಿಲ್ಲದ ಅಕ್ಷರಗಳನ್ನು ಮೊದಲು ಕೂರಿಸಿ. ಎಸ್, ಜಿ, ಆರ್ ಮೂರಕ್ಕೆ 6 ರೀತಿ. ಅಡಿಕೆ ಮರಗಳ ನಡುವೆ ಏಲಕ್ಕಿ ಹಾಕುತ್ತಾರಲ್ಲ, ಹಾಗೆ ಈ ಅಕ್ಷರಗಳ ನಡುವೆ ಎರಡು, ಆಚೆ ಈಚೆ ಎರಡು, ಒಟ್ಟು 4 ಸಂದು ಸಿಗುತ್ತವೆ. ಒಂದು ಸಂದು ಖಾಲಿ ಬಿಟ್ಟು ಉಳಿದ ಮೂರರಲ್ಲಿ ಒಂದೊಂದು ‘ಎ’ ಇಡಿ. ಖಾಲಿ ಸಂದು ಯಾವುದು ಅನ್ನುವುದಕ್ಕೆ 4 ರೀತಿ. 6 × 4 = 24. ಸೂತ್ರ ಬೇಕಾಗಲೇ ಇಲ್ಲ ನೋಡಿ.

ಕಳೆಯುವ ಉಪಾಯ ‘ಕನಿಷ್ಠ ಒಂದು’ ಅಂತ ಕೇಳಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ: ಒಂದೂ ಇಲ್ಲದ್ದನ್ನು ಎಣಿಸಿ ಒಟ್ಟಿನಲ್ಲಿ ಕಳೆಯಿರಿ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಎರಡು ನಿಮಿಷವಾದರೂ ದಾರಿ ಕಾಣದಿದ್ದರೆ ಒಂದಕ್ಕೆ ಗುರುತು ಹಾಕಿ ಮುಂದೆ ಹೋಗಿ.

ಇವತ್ತು ಸಂಜೆ ಜೋಗದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಸಾಲಾಗಿ ಬರೆಯಿರಿ. ರಾಜ, ರಾಣಿ ಪಕ್ಕಪಕ್ಕ ಇರದ ಸಾಲುಗಳನ್ನು ಕೈಯಲ್ಲೇ ಎಣಿಸಿ. ಇಲ್ಲಿ ಇಬ್ಬರೂ ಬೇರೆ ಬೇರೆ, ಅದಲು ಬದಲಿಗೂ ಲೆಕ್ಕ ಉಂಟು. 12 ಬಂದರೆ ಸರಿ.