ಹಿತ್ತಿಲ ಪ್ರಶ್ನೆ: ಗೊಬ್ಬರದ ಬಕೆಟ್ ನಾರುತ್ತಿದೆ!

ಅಡುಗೆಮನೆ ಕಸದಿಂದ ಗೊಬ್ಬರ ಮಾಡಿಕೊಳ್ಳಿ ಎಂದು ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವಾಸನೆಯದ್ದೇ ದೂರು. ಗುಲಾಬಿ, ದಾಸವಾಳದವರು ಕ್ಷಮಿಸಬೇಕು. ಈ ಸಲ ಪೂರ್ತಿ ಗೊಬ್ಬರದ ಮಾತು.

ಪೇಂಟ್ ಬಕೆಟ್‌ನಲ್ಲಿ ತರಕಾರಿ ಸಿಪ್ಪೆ ಹಾಕುತ್ತಾ ಬಂದೆ. ಮೂರು ವಾರಕ್ಕೆ ಕೊಳೆತ ಮೊಟ್ಟೆಯ ನಾತ. ಮನೆಯವರು ಎಸೆದುಬಿಡು ಎನ್ನುತ್ತಿದ್ದಾರೆ. ಏನು ತಪ್ಪಾಯಿತು? (ದಾವಣಗೆರೆಯ ಗೃಹಿಣಿ)

ಎಸೆಯಬೇಡಿ. ಒಂದು ಹಿಡಿ ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿ ನಿಂತರೆ ಸರಿ ಇದೆ. ನೀರು ಮೊಣಕೈವರೆಗೆ ಇಳಿಯಿತೋ, ಒದ್ದೆ ಜಾಸ್ತಿಯಾಗಿದೆ. ನಿಮ್ಮದು ಇಳಿಯುತ್ತದೆ, ಪಂದ್ಯ ಬೇಕಾದರೆ ಕಟ್ಟುತ್ತೇನೆ! ಸೌತೆಕಾಯಿ, ಸೋರೆಕಾಯಿ ಇವೆಲ್ಲ ಮುಕ್ಕಾಲಿಗೂ ಮಿಕ್ಕಿ ನೀರೇ ಅಲ್ವಾ? ಆ ನೀರು ಬಕೆಟ್ಟಿನೊಳಗೆ ಗಾಳಿ ಆಡುವ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಆಮೇಲೆ ಗಾಳಿಯೇ ಬೇಡದ ಸೂಕ್ಷ್ಮಜೀವಿಗಳ ದರ್ಬಾರು ಶುರು. ಮೊಟ್ಟೆಯ ನಾತ ಅವುಗಳದ್ದು.

ನಾನೂ ಇದನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡೇ. ಆಗ ಮೈಸೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಗೌರಿ ಹಬ್ಬದ ಮರುದಿನ ಉಳಿದ ಸಾರು, ಪಾಯಸ, ಉಂಡ ಬಾಳೆಲೆ ಎಲ್ಲವನ್ನೂ ಡಬ್ಬಿಗೆ ಸುರಿದು ಗಟ್ಟಿಯಾಗಿ ಮುಚ್ಚಳ ಹಾಕಿದೆ. ನಾಲ್ಕನೇ ದಿನ ಕೆಳಗಿನ ಮನೆಯವರು ಡ್ರೈನೇಜ್ ಪೈಪ್ ಒಡೆದಿದೆ ಎಂದು ಪ್ಲಂಬರನ್ನು ಕರೆಸಿದರು. ಪಾಪ, ಅವನು ಅರ್ಧ ಗಂಟೆ ಪೈಪು ಪೈಪನ್ನೂ ಮೂಸಿದ. ಕೊನೆಗೆ ತಲೆ ಎತ್ತಿ ನನ್ನ ಬಾಲ್ಕನಿ ನೋಡಿದ. ಅವನ ಕೂಲಿ ನಾನೇ ಕೊಟ್ಟೆ.

ಈಗ ನೀವು ಮಾಡಬೇಕಾದ್ದು ಇಷ್ಟು. ಬಕೆಟ್ಟಿನಲ್ಲಿರುವುದನ್ನೆಲ್ಲ ಗೋಣಿಚೀಲದ ಮೇಲೆ ಸುರಿದು ಅರ್ಧ ದಿನ ನೆರಳಲ್ಲಿ ಹರಡಿ. ಅಷ್ಟರಲ್ಲಿ ಕಾಯಿಸಿದ ಕಬ್ಬಿಣದ ಸರಳಿನಿಂದ ಬಕೆಟ್ಟಿನ ತಳಕ್ಕೂ ಸುತ್ತಲೂ ಇಪ್ಪತ್ತು ಮೂವತ್ತು ತೂತು ಹಾಕಿ. ತಳದಲ್ಲಿ ನಾಲ್ಕು ಬೆರಳು ದಪ್ಪ ಒಣ ಎಲೆ. ಮಿಕ್ಕಿದ್ದನ್ನು ಒಣ ಎಲೆಯ ಜೊತೆ ಕಲಸಿ ವಾಪಸ್ ತುಂಬಿ. ಮುಂದೆ ದಿನಾ ಒಂದು ಬಟ್ಟಲು ಸಿಪ್ಪೆ ಹಾಕಿದರೆ ಅದರ ಮೇಲೆ ಎರಡು ಬಟ್ಟಲು ಒಣ ಎಲೆ. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ. ಎರಡು ಮೂರು ದಿನಕ್ಕೆ ವಾಸನೆ ತಗ್ಗುತ್ತದೆ.

ಎಲೆ ಯಾಕೆ ಅಷ್ಟೊಂದು ಅಂತೀರಾ? ಗೊಬ್ಬರ ಮಾಡುವ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಅಷ್ಟು ಇಂಗಾಲ ಇಲ್ಲ, ಒಣ ಎಲೆಯಲ್ಲಿ ಬೇಕಾದಷ್ಟಿದೆ. ಊಟದಲ್ಲಿ ಪಲ್ಯ ಸಿಪ್ಪೆಯಾದರೆ ಅನ್ನ ಎಲೆ ಎಂದುಕೊಳ್ಳಿ. ಬರೀ ಪಲ್ಯ ತಿಂದರೆ ಹೊಟ್ಟೆ ತುಂಬುತ್ತದೆಯೇ?

ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಆಗ ಆರು ಗೋಣಿಚೀಲ ತುಂಬಿಟ್ಟುಕೊಳ್ಳುತ್ತೇನೆ, ವರ್ಷಕ್ಕೆ ಸಾಕು. ರಸ್ತೆ ಬದಿ ಎಲೆಯ ಗುಡ್ಡೆಗೆ ಯಾರಾದರೂ ಬೆಂಕಿ ಇಟ್ಟರೆ ನನ್ನ ಹೊಟ್ಟೆಯೂ ಜೊತೆಗೇ ಉರಿಯುತ್ತದೆ. ತೇಗದೆಲೆ, ಹಲಸಿನೆಲೆ ದಪ್ಪ, ಪುಡಿ ಮಾಡದೆ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತವೆ. ಎಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ, ಹರಿದ ರಟ್ಟು ಆಗುತ್ತದೆ. ಮರದ ಹೊಟ್ಟೂ ಆಗುತ್ತದೆ, ಆದರೆ ಪ್ಲೈವುಡ್ಡಿನದು ಬೇಡ. ಅದರಲ್ಲಿ ಅಂಟು ಇರುತ್ತದೆ.

ಡಬ್ಬಿಯ ತುಂಬ ದಪ್ಪ ದಪ್ಪ ಹುಳುಗಳು. ನೋಡಿದರೆ ಮೈ ಜುಮ್ಮೆನ್ನುತ್ತದೆ. ಫಿನಾಯಿಲ್ ಹಾಕಲೇ? (ಹುಬ್ಬಳ್ಳಿಯ ಓದುಗರು)

ಅಯ್ಯೋ, ಬೇಡ! ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು ಇರಬೇಕು. ಮೊದಲು ಮಾಸಲು ಬಿಳಿ, ಬೆಳೆದಂತೆ ಕಂದು, ಕಪ್ಪು. ಅಂಗೈ ಮೇಲೆ ಬಿಟ್ಟುಕೊಂಡರೆ ಗಟ್ಟಿ ಚರ್ಮ, ಪಟ್ಟಿ ಪಟ್ಟಿ ಮೈ. ನಾನು ಬಿಟ್ಟುಕೊಂಡಿದ್ದೇನೆ, ಕಚ್ಚುವುದಿಲ್ಲ. ದೊಡ್ಡ ನೊಣವೂ ಕಚ್ಚುವುದಿಲ್ಲ, ಮನೆ ನೊಣದ ಹಾಗೆ ನಿಮ್ಮ ತಟ್ಟೆ ಮೇಲೆ ಬಂದು ಕೂರುವ ಚಾಳಿಯೂ ಅದಕ್ಕಿಲ್ಲ. ನಿಮ್ಮ ಕಸವನ್ನು ನಿಮಗಿಂತ ಬೇಗ ಖಾಲಿ ಮಾಡುವ ಜೀವ ಅದು. ಕಣ್ಣಿಗೆ ಹಿಂಸೆಯಾದರೆ ಒಣ ಎಲೆ ಜಾಸ್ತಿ ಹಾಕಿ, ತಾವಾಗಿ ಕಡಿಮೆಯಾಗುತ್ತವೆ. ಬೆಳೆದವು ಒಣ ಜಾಗ ಹುಡುಕಿ ಡಬ್ಬಿ ಬಿಟ್ಟು ಹೊರಡುತ್ತವೆ. ಬಾಲ್ಕನಿಯಲ್ಲಿ ಮೆರವಣಿಗೆ ಕಂಡರೆ ಗಾಬರಿಯಾಗಬೇಡಿ.

ನಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು, ಉಳಿದ ಅನ್ನ? ಅಂಗಡಿಯ ಜೀವಾಣು ಪುಡಿ ಬೇಕೇ ಬೇಕಾ? (ತುಮಕೂರು)

ಮೊದಲ ಮೂರೂ ಹಾಕಿ. ನಿಂಬೆ ಸ್ವಲ್ಪವೇ ಇರಲಿ, ಚಿಪ್ಪು ಪುಡಿ ಮಾಡಿ. ಅನ್ನ ಒಂದು ಹಿಡಿ ಸರಿ, ಎಣ್ಣೆ ಉಪ್ಪು ಇರುವ ಅಡುಗೆ ಬೇಡ. ಮಾಂಸ, ಮೀನು ಬಾಲ್ಕನಿಯ ಡಬ್ಬಿಗಲ್ಲ. ಪುಡಿಗೆ ದುಡ್ಡು ಸುಮ್ನೆ ಯಾಕೆ? ಒಂದು ಸೌಟು ಹುಳಿ ಮಜ್ಜಿಗೆ, ಇಲ್ಲವೇ ಎರಡು ಹಿಡಿ ಹಳೆ ಗೊಬ್ಬರ ಸಾಕು.

ನಮ್ಮದು ಹಳ್ಳಿ. ತಿಪ್ಪೆಗುಂಡಿ ಇದೆ, ಆದರೆ ವಾರವಾರ ಮಗುಚಲು ಆಳಿಲ್ಲ. ಬೇರೆ ದಾರಿ ಇದೆಯೇ? (ಅರಸೀಕೆರೆ ತಾಲ್ಲೂಕಿನ ರೈತರು)

ಇದೆ, ಅದಕ್ಕೆ ನಮ್ಮೂರಿನದೇ ಹೆಸರೂ ಇದೆ: ಬೆಂಗಳೂರು ಪದ್ಧತಿ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಊರಿನ ಕಸಕ್ಕಾಗಿ ರೂಪಿಸಿದ್ದು. ಸುಮಾರು ಮೂರಡಿ ಆಳದ ಗುಂಡಿಯಲ್ಲಿ ಕಸ ಕಡ್ಡಿ ಒಂದು ಪದರ, ಸಗಣಿ ಗಂಜಲ ಒಂದು ಪದರ, ಹೀಗೆ ತುಂಬುತ್ತಾ ಬನ್ನಿ. ನೆಲಕ್ಕಿಂತ ಸ್ವಲ್ಪ ಮೇಲೆ ಬಂದಾಗ ಹದಿನೈದು ದಿನ ಬಿಟ್ಟು, ಕುಸಿದ ಮೇಲೆ ಕೆಸರು ಮೆತ್ತಿ ಮುಚ್ಚಿಬಿಡಿ. ಮಗುಚುವ ಗೋಜಿಲ್ಲ. ಆರರಿಂದ ಎಂಟು ತಿಂಗಳು ಮರೆತುಬಿಡಿ. ಅವಸರದವರಿಗೆ ಆಲ್ಬರ್ಟ್ ಹೊವಾರ್ಡ್ ಅವರ ಇಂದೋರ್ ಪದ್ಧತಿ ಇದೆ. ಮೂರ್ನಾಲ್ಕು ತಿಂಗಳಿಗೇ ಗೊಬ್ಬರ ಸಿಗುತ್ತದೆ, ಆದರೆ ಮಗುಚುತ್ತಿರಬೇಕು. ನಿಮಗೆ ಆಳಿಲ್ಲ ಅಂದಿರಿ, ಮೊದಲನೆಯದೇ ಸರಿ.

ಗೊಬ್ಬರ ಹಾಕಿದ ಮಲ್ಲಿಗೆ ಕುಂಡದಲ್ಲಿ ಟೊಮೆಟೊ ಹುಟ್ಟಿದೆ. ಗೊಬ್ಬರ ಸರಿಯಾಗಿ ಆಗಿಲ್ಲವೇ? (ಶಿವಮೊಗ್ಗ)

ಆಗಿದೆ. ದೊಡ್ಡ ರಾಶಿಯಾದರೆ ಒಳಗೆ 55–60 ಡಿಗ್ರಿ ಬಿಸಿ ಏರುತ್ತದೆ, ಬೀಜ ಸಾಯುತ್ತದೆ. ಬಕೆಟ್ಟಿನಲ್ಲಿ ಅಷ್ಟು ಕಾವು ಬರುವುದೇ ಇಲ್ಲ. ಟೊಮೆಟೊ, ಸಿಹಿಗುಂಬಳ, ಪಪ್ಪಾಯಿ ಎಲ್ಲ ಬದುಕಿ ಉಳಿಯುತ್ತವೆ. ಗೊಬ್ಬರ ಆಗಿದೆಯೋ ಇಲ್ಲವೋ ಎನ್ನುವುದನ್ನು ಮೂಗಿಗೆ ಕೇಳಿ: ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು, ಯಾವುದು ಯಾವ ಸಿಪ್ಪೆ ಎಂದು ಗುರುತು ಸಿಗಬಾರದು. ಜರಡಿ ಹಿಡಿದು ತಿಂಗಳಿಗೆ ಎರಡು ಹಿಡಿ ಹಾಕಿದರೆ ಒಂದು ಕುಂಡಕ್ಕೆ ಸಾಕು. ಟೊಮೆಟೊ ಸಸಿಯನ್ನು ಕೀಳಬೇಡಿ, ಬೇರೆ ಕುಂಡಕ್ಕೆ ನೆಡಿ. ನಮ್ಮ ಮನೆಯಲ್ಲಿ ಹೋದ ವರ್ಷ ಹಾಗೆ ಬಂದ ಒಂದು ಗಿಡದ ಹಣ್ಣಿನಲ್ಲಿ ನಾಲ್ಕು ಸಲ ಗೊಜ್ಜು ಮಾಡಿದೆ.