ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ನಮಸ್ಕಾರ,

ವಿಂಡೋಸ್ ಕಂಪ್ಯೂಟರಿನಲ್ಲಿ ಕೂತು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಫೈಲುಗಳನ್ನು ತಿದ್ದುವುದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟ.

ಮೊದಲ ಮೂರು ಪುಟದಲ್ಲಿ ಪೈಗೆ ಸೇರಿ ಫೈಲು ತಿದ್ದಲು ನೆರವಾಗುವ ಪುಟ್ಟಿ, ವಿನ್‌ಎಸ್‌ಸಿಪಿ, ಸಾಂಬಾ, ವಿಎಸ್ ಕೋಡ್ ಎಂಬ ಸಾಫ್ಟ್‌ವೇರುಗಳನ್ನು ಒಂದೊಂದಾಗಿ ಪರಿಚಯಿಸಿದ್ದೀರಿ. ಯಾವುದನ್ನು ಯಾವಾಗ ಬಳಸಬೇಕು ಅನ್ನೋದು ಮಾತ್ರ ಎಲ್ಲೂ ಇಲ್ಲ. ಒಂದೆರಡು ಸಾಲು ತಿದ್ದಲು ದೂರದಿಂದಲೇ ಕಮಾಂಡ್ ಕೊಡಲು ಬಿಡುವ ಎಸ್‌ಎಸ್‌ಎಚ್ ಮೂಲಕ ಪೈ ಒಳಗೆ ಹೋಗಿ ನ್ಯಾನೊ ಎಂಬ ಸರಳ ಎಡಿಟರ್ ತೆರೆದರೆ ಆಯಿತು. ಅದಕ್ಕೆ ಪುಟ್ಟಿಯೂ ಬೇಕಿಲ್ಲ, 2018ರಿಂದ ವಿಂಡೋಸ್ 10ರ ಜೊತೆಗೇ ಎಸ್‌ಎಸ್‌ಎಚ್ ಬರುತ್ತಿದೆ. ದಿನವಿಡೀ ಕೋಡ್ ಬರೆಯುವವರಿಗೆ ವಿಎಸ್ ಕೋಡ್ ಒಳ್ಳೆಯದೇ. ಆದರೆ ಅದರ ರಿಮೋಟ್ ಸೌಲಭ್ಯ ಪೈನಲ್ಲೂ ಒಂದು ಸರ್ವರ್ ಓಡಿಸುತ್ತದೆ, ಪೈನ ಚಿಕ್ಕ ಮಾದರಿಯಾದ ಮೊದಲ ಪೈ ಝೀರೋದಲ್ಲಿ ಅದು ನಡೆಯುವುದೇ ಇಲ್ಲ. ನೀವು 'ಎಲ್ಲ ಪೈಗಳಲ್ಲೂ' ಎಂದು ಬರೆದಿದ್ದೀರಿ. ನಿಮ್ಮ ಹತ್ತಿರ ಇರುವ ಒಂದರಲ್ಲಷ್ಟೇ ನೋಡಿದ್ದು, ಅಲ್ವಾ?

ಈಗ ನಾಲ್ಕನೇ ಪುಟ. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಬರೆದ ಸ್ಕ್ರಿಪ್ಟನ್ನು (ಕಮಾಂಡುಗಳ ಪಟ್ಟಿಯನ್ನು) ಪೈಗೆ ಕಳಿಸಿ ಓಡಿಸಿದಿರಿ. ಫೈಲ್ ಸಿಗುತ್ತಿಲ್ಲ ಎಂಬ ತಕರಾರು ಬಂತು. ಫೈಲ್ ನೋಡಿದರೆ ಕಣ್ಣೆದುರೇ ಇದೆ! ಸಂಜೆಯಿಡೀ ತಲೆ ಕೆಡಿಸಿಕೊಂಡ ಮೇಲೆ, ಫೈಲಿನಲ್ಲಿರುವುದನ್ನು ತೋರಿಸುವ ಕ್ಯಾಟ್ ಕಮಾಂಡಿಗೆ ದೊಡ್ಡ 'ಎ' ಸೇರಿಸಿ ನೋಡಿದಾಗ ಪ್ರತಿ ಸಾಲಿನ ಕೊನೆಯಲ್ಲೂ ಒಂದು 'ಎಂ' ಕಂಡಿತು. ಇದನ್ನು ಓದುವಾಗ ನಾನು ಚಹಾ ಮರೆತೆ. ನೀವೋ 'ಡಾಸ್‌ಟುಯುನಿಕ್ಸ್ ಓಡಿಸಿ, ಸರಿಹೋಗುತ್ತದೆ' ಎಂದು ಆ 'ಎಂ' ಅಳಿಸುವ ಕಮಾಂಡಿನ ಹೆಸರು ಹೇಳಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಹಾಗಾದದ್ದು ಯಾಕೆ ಅಂತ ಹೇಳಬೇಡವೇ? ವಿಂಡೋಸ್ ಸಾಲು ಮುಗಿಸಲು 13 ಮತ್ತು 10 ಎಂಬ ಎರಡು ಸಂಕೇತ ಇಡುತ್ತದೆ. ಪೈನಲ್ಲಿ ಓಡುವ ಲಿನಕ್ಸ್‌ಗೆ 10 ಒಂದೇ ಸಾಕು. ಮಿಕ್ಕ 13 (ನಿಮಗೆ 'ಎಂ' ಆಗಿ ಕಂಡದ್ದು ಅದೇ) ಮೊದಲ ಸಾಲಿನಲ್ಲಿರುವ, ಸ್ಕ್ರಿಪ್ಟ್ ಓಡಿಸುವ ಬ್ಯಾಷ್ ಎಂಬ ಪ್ರೋಗ್ರಾಂ ಹೆಸರಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಲಿನಕ್ಸ್ ಹುಡುಕುವುದು ಆ ಬಾಲವಿರುವ ಬ್ಯಾಷನ್ನು. ಅಂಥದ್ದು ಎಲ್ಲಿಂದ ಸಿಗಬೇಕು? ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಎಡಿಟರಿನಲ್ಲಿ ಸಾಲಿನ ಕೊನೆ ಯಾವ ಬಗೆಯದು ಎಂದು ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ, ಅಲ್ಲೇ ಬದಲಿಸಲೂಬಹುದು. ಅದನ್ನೂ ಸೇರಿಸಿ.

ಒಂದು ಪ್ಯಾರಾ ಮಾತ್ರ ಪೂರ್ತಿ ತೆಗೆಯಲೇಬೇಕು. ಸಿಸ್ಟಮ್ ಸೆಟ್ಟಿಂಗುಗಳಿರುವ ಇಟಿಸಿ ಫೋಲ್ಡರಿನ ಫೈಲ್ ಸೇವ್ ಆಗದಿದ್ದರೆ 777 ಅನುಮತಿ, ಅಂದರೆ ಯಾರು ಬೇಕಾದರೂ ತಿದ್ದುವ ಅನುಮತಿ, ಕೊಡಿ ಎಂದಿದ್ದೀರಿ. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಯಿತು. ಯಾರಾದರೂ ಇದನ್ನು ನಂಬಿ ಯಾರು ಸುಡೋ ಬಳಸಬಹುದು ಎಂದು ಬರೆದಿಟ್ಟ ಸುಡೋಯರ್ಸ್ ಫೈಲಿಗೆ ಹಾಗೆ ಮಾಡಿದರೆ, ಅಡ್ಮಿನ್ ಅಧಿಕಾರ ಕೊಡುವ ಸುಡೋ ಕಮಾಂಡೇ ಮುಷ್ಕರ ಹೂಡುತ್ತದೆ. ಇಟಿಸಿಯ ಫೈಲನ್ನು ಮೊದಲು ಪೈನ ಹೋಮ್ ಫೋಲ್ಡರಿಗೆ ಕಳಿಸಿ, ಅಲ್ಲಿಂದ ಸುಡೋ ಬಳಸಿ ಅದರ ಜಾಗಕ್ಕೆ ಕಾಪಿ ಮಾಡಲು ಹೇಳಿ.

ಪೈನ ಸಿಸ್ಟಮ್ ಜೊತೆಗೇ ಬರುತ್ತಿದ್ದ 'ಪೈ' ಎಂಬ ಹೆಸರಿನ ಸಿದ್ಧ ಯೂಸರ್ ಕೂಡ 2022ರ ಏಪ್ರಿಲ್‌ನಿಂದ ಇಲ್ಲ. ತಿದ್ದಿಬಿಡಿ.

ಮೊದಲ ಮೂರು ಪುಟ ಒಂದು ಪ್ಯಾರಾ ಆಗಲಿ. ಆ 'ಎಂ' ಕಂಡ ಪರದೆಯ ಸ್ಕ್ರೀನ್‌ಶಾಟ್ ಇದ್ದರೆ ಜೊತೆಗೆ ಕಳಿಸಿ. ಇಲ್ಲದಿದ್ದರೆ ಬೇಕಂತಲೇ ಅದೇ ತಪ್ಪನ್ನು ಇನ್ನೊಮ್ಮೆ ಮಾಡಿ, ತೆಗೆದುಕೊಳ್ಳಿ.

ಸಂಪಾದಕ